ಏಳು ದಿನದ ಸೀರೆ

ಚಿಂತಾಮಣಿಯ ಚೇಳೂರು ರಸ್ತೆ, ಗೊಬ್ಬರದಂಗಡಿಯ ಮಗ್ಗುಲು,
ಎಂಟಡಿಗೆ ಆರಡಿ ನನ್ನ ಅಂಗಡಿ.
ಫಾಲು, ಪೀಕೋ, ಕುಚ್ಚು. ಬೋರ್ಡಿನಲ್ಲಿ ಬರೆದದ್ದು ಇಷ್ಟೇ.
ಮಾಡುವುದು ಈಗ ಬೇರೆ.

ಸೀರೆ ಉಡುವವರು ಕಮ್ಮಿಯಾದರು, ತೊಡುವವರು ಬಂದರು.
ನೆರಿಗೆ ನಾನೇ ಹಿಡಿದು, ಹೊಲಿದು, ಜಿಪ್ಪಿಟ್ಟು ಕೊಡುತ್ತೇನೆ,
ಪ್ಯಾಂಟಿನ ಹಾಗೆ ಏರಿಸಿಕೊಂಡು ಹೊರಡುತ್ತಾರೆ.
ಯಾರದೋ ಅಜ್ಜಿಯ ಧಾರೆಸೀರೆ ಗೌನಾಗುತ್ತದೆ,
ಮಿಕ್ಕ ಅಂಚು ಗಂಡನ ಜುಬ್ಬಕ್ಕೆ, ಕೂಸಿನ ಟೋಪಿಗೆ;
ಫೋಟೋದಲ್ಲಿ ಮನೆಮಂದಿಯೆಲ್ಲ
ಒಂದೇ ಥಾನಿನಿಂದ ಕತ್ತರಿಸಿದಂತೆ ನಿಲ್ಲಬೇಕು.

ನಾನು ಕಲಿತ ಬಣ್ಣಗಳು ಬೇರೆ:
ಗಿಳಿಹಸಿರು, ಕನಕಾಂಬರ, ಈರುಳ್ಳಿಸಿಪ್ಪೆ, ನವಿಲುಕತ್ತು,
ಕೂಗಿದರೆ ರಸ್ತೆಯಾಚೆ ಕೇಳಿಸುವಂಥವು.
ಈಗ ಎಲ್ಲರಿಗೂ ಪೇಸ್ಟಲ್.
ಬೆಳಕಿಗೆ ಹಿಡಿದು ನೋಡಿದೆ.
ನಮ್ಮಮ್ಮ ಇದನ್ನು ಬಣ್ಣ ಹೋಗಿದೆ ಅನ್ನುತ್ತಿದ್ದಳು,
ಸೋಪಿಗೆ ಬೈಯುತ್ತಿದ್ದಳು.

ಆಡಿಕೊಳ್ಳಲು ನನಗೇನು ಹಕ್ಕು?
ನನ್ನ ಗೋಡೆಗೂ ಇಟ್ಟಿಗೆ ಬಂತು ಪಾರ್ಸಲ್ಲಿನಲ್ಲಿ,
ಚಾಪೆಯ ಹಾಗೆ ಸುತ್ತಿಕೊಂಡು, ಬೆನ್ನಿಗೆ ಗೋಂದು ಬಳಿದುಕೊಂಡು.
ಒಳಗೆ ಮಣ್ಣಿನ ಇಟ್ಟಿಗೆ, ಮೇಲೆ ಗಾರೆ, ಅದರ ಮೇಲೆ ಸುಣ್ಣ,
ಸುಣ್ಣದ ಮೇಲೆ ಈ ಸ್ಪಂಜಿನ ಇಟ್ಟಿಗೆ.
ಗೂಡು ಹಾಕಿ ಇಟ್ಟಿಗೆ ಸುಡುತ್ತಿದ್ದ ನಮ್ಮಪ್ಪ ಇದ್ದಿದ್ದರೆ
ಬೆರಳಲ್ಲಿ ಒಮ್ಮೆ ಒತ್ತಿ, ತಗ್ಗಿದ್ದು ಮತ್ತೆ ಉಬ್ಬುವವರೆಗೆ ಕಾದು,
ಏನೂ ಮಾತಾಡದೆ ಬೀಡಿ ಹಚ್ಚುತ್ತಿದ್ದ.

ಗುರುವಾರ ಸಂಜೆ ಭಾರ್ಗವಿ ಬಂದಳು.
ಮುನಿರತ್ನಮ್ಮನ ಮಗಳು, ಸೊಸೈಟಿಗೆ ಪಿಗ್ಮಿ ಕಟ್ಟಿಸುವವಳು,
ನನ್ನಿಂದ ದಿನಾ ಐವತ್ತು ರೂಪಾಯಿ ಒಯ್ಯುವವಳು.
ಚೀಲದಿಂದ ತೆಗೆದಳು: ಹನ್ನೊಂದು ಸಾವಿರದ ಸೀರೆ, ಪೇಸ್ಟಲ್ಲೇ.
"ಟ್ಯಾಗು ಕೀಳಬೇಡಕ್ಕ. ಫಾಲು ಕೈಹೊಲಿಗೆ, ಸಡಿಲ.
ಎಳೆದರೆ ಬಿಟ್ಟುಕೊಳ್ಳಬೇಕು.
ಭಾನುವಾರ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ,
ಮಂಗಳವಾರ ವಾಪಸ್. ಏಳು ದಿನ ಟೈಮಿದೆ."

ನಮ್ಮ ಬೀದಿಯಲ್ಲಿ ಈಗ ಎಲ್ಲಕ್ಕೂ ಏಳು ದಿನ.
ಏರ್ ಫ್ರೈಯರಿನಲ್ಲಿ ಹಪ್ಪಳ ಸುಟ್ಟು, ರುಚಿಯಿಲ್ಲ ಅಂತ ಕಳಿಸಿದರು,
ತಾಮ್ರದ ಬಾಟ್ಲಿ ಕಳಿಸಿದರು.
ಹಾಸಿಗೆಗೆ ಮಾತ್ರ ನೂರು ರಾತ್ರಿ ಕೊಟ್ಟಿದ್ದಾರಂತೆ,
ನಿದ್ದೆ ಬಾರದಿದ್ದರೆ ವಾಪಸ್.

ಇಪ್ಪತ್ತೆರಡು ವರ್ಷ ಬಿಚ್ಚದಂತೆ ಹೊಲಿದ ಕೈ ಇದು.
ಬಿಚ್ಚಿಹೋಗುವಂತೆ ಹೊಲಿಯಲು ಹೊಸದಾಗಿ ಕಲಿಯಬೇಕಾಯಿತು:
ಸೂಜಿ ಬಟ್ಟೆಗೆ ಹೇಳಿಯೂ ಹೇಳದಂತೆ ದಾಟಬೇಕು,
ದಾರ ನೆಂಟರ ಮನೆಯಲ್ಲಿ ಕೂತಂತೆ ತುದಿಯಲ್ಲಿ ಕೂರಬೇಕು.
ಗಟ್ಟಿಗೆ ನೂರು, ಸಡಿಲಕ್ಕೆ ನೂರಿಪ್ಪತ್ತು ಅಂದೆ.
ಚೌಕಾಸಿಯಿಲ್ಲದೆ ಒಪ್ಪಿದಳು.

ಮಂಗಳವಾರ ನಾನು ಷಟರ್ ಎತ್ತುವ ಮುಂಚೆಯೇ
ಮೆಟ್ಟಿಲ ಮೇಲೆ ಕೂತಿದ್ದಳು.
ಸೆರಗಿನಲ್ಲಿ ನಾಲ್ಕು ಬೆರಳು, ತುಪ್ಪದವು.
"ಒಬ್ಬಟ್ಟು ತಿಂದ ಕೈಯಲ್ಲಿ ಅಮ್ಮ ಸೆರಗು ಹಿಡಿದಳಕ್ಕ,
ಎಷ್ಟು ಮೆತ್ತಗಿದೆಯೇ, ಒಳ್ಳೇದು ತಗೊಂಡೆ, ಅಂತ.
ಬಿಡಮ್ಮಾ ಅನ್ನೋಕೆ ಬಾಯಿ ಬರಲಿಲ್ಲ.
ವಾಪಸ್ ಹೋಗೋ ಸೀರೆ ಅಂತ ಅವಳಿಗೆ ಗೊತ್ತಿಲ್ಲ."

ಸೀಮೆಸುಣ್ಣ ಉಜ್ಜಿದೆ, ಪೌಡರು ಉದುರಿಸಿದೆ,
ಹಳೇ ಪೇಪರು ಮುಚ್ಚಿ ಇಸ್ತ್ರಿ ಎಳೆದೆ.
ಮೂರು ಬೆರಳು ಹೋದವು. ಒಂದು ಉಳಿಯಿತು.

ಪಾರ್ಸಲ್ಲಿನ ಇಮ್ತಿಯಾಜ್ ಅಂಗಡಿಗೇ ಬಂದ.
ಮೊಬೈಲು ಕೇಳಿದ್ದಕ್ಕೆಲ್ಲ ಒತ್ತುತ್ತ ಹೋದ:
ಟ್ಯಾಗು ಇದೆ. ಬಣ್ಣ ಅದೇ. ಹರಿದಿಲ್ಲ.
ಕಲೆ?
ಅಲ್ಲಿ ನಿಂತ. ನಮ್ಮಿಬ್ಬರ ಮುಖ ನೋಡಿದ.
"ಇಲ್ಲ ಅಂತ ಒತ್ತಲಾ ಅಕ್ಕ?" ಅಂದ.

ನಾನು ಹೂಂ ಅನ್ನುವವಳಿದ್ದೆ.
ಭಾರ್ಗವಿ ಅವನ ಕೈಯಿಂದ ಸೀರೆ ಎಳೆದುಕೊಂಡಳು.
ಆಮೇಲೆ ಅತ್ತಳೋ, ಕಂತು ಲೆಕ್ಕ ಹಾಕಿದಳೋ,
ಎರಡಕ್ಕೂ ಅವಳ ಮುಖ ಒಂದೇ.
"ಟ್ಯಾಗು ನೀನೇ ಕತ್ತರಿಸಕ್ಕ."
ಕತ್ತರಿಸಿದೆ. ಟಿಕ್ ಅಂತು.
ಹನ್ನೊಂದು ಸಾವಿರದ ಸದ್ದು ಇಷ್ಟೇ.

ಸಡಿಲ ದಾರ ಒಂದೇ ಎಳೆತಕ್ಕೆ ಬಂತು, ಕೆಲಸ ಚೆನ್ನಾಗಿಯೇ ಮಾಡಿದ್ದೆ.
ಮಿಷನ್ನಿಗೆ ಕೊಟ್ಟು ಗಟ್ಟಿಯಾಗಿ ಹೊಲಿದೆ.
ನೂರು ರೂಪಾಯಿಯ ಮಾತು ನಾನೂ ಎತ್ತಲಿಲ್ಲ, ಅವಳೂ.
ಹೊರಡುವಾಗ ಅಭ್ಯಾಸಕ್ಕೆ ಪಿಗ್ಮಿ ಪುಸ್ತಕ ತೆಗೆದಳು.
ಐವತ್ತು ಕೊಟ್ಟೆ.

ಗೋಡೆಯ ಮೂಲೆಯಲ್ಲಿ ಇಟ್ಟಿಗೆ ಸುರುಳಿಯೇಳುತ್ತಿದೆ.
ಅದಕ್ಕೂ ಏಳು ದಿನವಿತ್ತು,
ಹೋದ ವರ್ಷವೇ ಮುಗಿಯಿತು.